ರೋಗಶಯ್ಯೆಯಲ್ಲಿ ಭಕ್ತನ ಮನಸ್ಸು

ಅಂಗವು ಲಿಂಗದ ನೆಲೆಯೆಂಬುದು ವೀರಶೈವ ಸಾಧನೆಯ ಮೊದಲನೆಯ ಪಾಠ. ಗುರುವು ದೀಕ್ಷೆಯನ್ನಿತ್ತು ಇಷ್ಟಲಿಂಗವನ್ನು ಕರಸ್ಥಲಕ್ಕೆ ಅನುಗ್ರಹಿಸಿದಂದಿನಿಂದ ಭಕ್ತನ ಶರೀರವು ಬರಿಯ ಮಾಂಸಪಿಂಡವಾಗಿ ಉಳಿಯದೆ ಶಿವನು ನೆಲಸುವ ಗುಡಿಯಾಗುತ್ತದೆ. ಆರೋಗ್ಯವಂತನು ಈ ಮಾತನ್ನು ಸುಲಭವಾಗಿ ಒಪ್ಪುತ್ತಾನೆ. ಆದರೆ ಆ ಗುಡಿಯ ಗೋಡೆಯಲ್ಲಿಯೇ ಬಿರುಕು ಕಾಣಿಸಿಕೊಂಡಾಗ, ಕ್ಯಾನ್ಸರೆಂದು ಎಲ್ಲರೂ ಹೆದರಿ ಉಚ್ಚರಿಸುವ ಅರ್ಬುದರೋಗವು ಅಂಗವನ್ನು ಹಿಡಿದಾಗ, ಇದೇ ಮಾತು ಪರೀಕ್ಷೆಗೆ ಒಳಗಾಗುತ್ತದೆ. ಚಿಕಿತ್ಸೆ ನಡೆದಂತೆ ದೇಹವು ಬಳಲುತ್ತದೆ, ಅದರೊಡನೆ ಮನಸ್ಸೂ ಕುಗ್ಗುತ್ತದೆ. ಪೂಜೆಗೆ ಕುಳಿತರೆ ದೃಷ್ಟಿ ನಿಲ್ಲದು, ಮಂತ್ರವು ತುಟಿಯ ಮೇಲೆ ಸುಳಿದು ಎದೆಗಿಳಿಯದು. ಆಗ ರೋಗಕ್ಕಿಂತಲೂ ಹೆಚ್ಚಾಗಿ ಭಕ್ತನನ್ನು ಬಾಧಿಸುವ ಪ್ರಶ್ನೆಯೊಂದು ಹುಟ್ಟುತ್ತದೆ: ಇಷ್ಟು ವರ್ಷ ಮಾಡಿದ ಭಕ್ತಿಯು ಹುಸಿಯಾಗಿತ್ತೇ?

ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿದುಕೊಳ್ಳುವುದು ರೋಗಿಗೆ ಎಷ್ಟು ಅಗತ್ಯವೋ ಅವನ ಮನೆಯವರಿಗೂ ಅಷ್ಟೇ ಅಗತ್ಯ. ಏಕೆಂದರೆ ತಪ್ಪು ಉತ್ತರವನ್ನು ನಂಬಿದವನು ತನ್ನ ದುಃಖವನ್ನು ಮರೆಮಾಡುತ್ತಾನೆ. ಮರೆಮಾಡಿದ ದುಃಖವು ಬೆಳೆದು ಚಿಕಿತ್ಸೆಯನ್ನೇ ಬಿಡಿಸುತ್ತದೆ.

ಒಂದು ದೃಷ್ಟಾಂತ

ಬಾಯಿಯ ಕ್ಯಾನ್ಸರಿಗೆ ಗುರಿಯಾದ ಒಬ್ಬ ಗೃಹಸ್ಥನನ್ನು ಭಾವಿಸಿರಿ. ಹೊಗೆಸೊಪ್ಪು, ಅಡಕೆಗಳ ಚಟವು ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಇದು ಅಪರೂಪದ ರೋಗವಲ್ಲ. ಅವನಿಗೆ ವಿಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನಗಳಂತೆ ಆರೇಳು ವಾರ ನಡೆಯಬೇಕಾಗಿದೆ. ಎರಡನೆಯ ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗುತ್ತದೆ, ನಾಲಗೆಯ ರುಚಿ ಹೋಗುತ್ತದೆ, ಉಗುಳು ನುಂಗುವುದೂ ಕಷ್ಟವಾಗುತ್ತದೆ. ಮೊದಮೊದಲು ಧೈರ್ಯವಾಗಿದ್ದವನು ಈಗ ಗೋಡೆಯ ಕಡೆಗೆ ಮುಖಮಾಡಿ ಮಲಗುತ್ತಾನೆ. ಮಾತನಾಡಿಸಿದರೆ ಹೂಂ ಎನ್ನುತ್ತಾನೆ. ನೋಡಲು ಬಂದ ನೆಂಟರು, “ಲಿಂಗವಂತರಾಗಿ ಹೀಗೆ ಅಧೈರ್ಯಪಡಬಹುದೇ? ಶಿವನಲ್ಲಿ ನಂಬಿಕೆಯಿಡಿ, ಇನ್ನಷ್ಟು ಜಪ ಮಾಡಿ” ಎಂದು ಹೇಳಿ ಹೋಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತು ರೋಗಿಯ ಕಿವಿಗೆ ಬೇರೊಂದು ರೀತಿಯಲ್ಲಿ ಕೇಳಿಸುತ್ತದೆ: ನೋವು ಸಾಲದೆಂದು ಅಪರಾಧವೂ ಅವನ ತಲೆಗೆ ಬಂತು. ಇಪ್ಪತ್ತನೆಯ ದಿನ ಅವನು, “ಇನ್ನು ಆಸ್ಪತ್ರೆಗೆ ಬರಲಾರೆ” ಎನ್ನುತ್ತಾನೆ.

ಇಲ್ಲಿ ನಷ್ಟವಾಗುವುದು ಚಿಕ್ಕದಲ್ಲ. ತಲೆ, ಕುತ್ತಿಗೆ, ಬಾಯಿಗಳ ಕ್ಯಾನ್ಸರಿನಲ್ಲಿ ವಿಕಿರಣ ಚಿಕಿತ್ಸೆಯು ನಡುವೆ ನಿಂತರೆ ಅದರ ಫಲವು ಕುಂದುತ್ತದೆಂದು ವೈದ್ಯರು ಬಲ್ಲರು. ಕುಗ್ಗಿದ ಮನಸ್ಸನ್ನು ಯಾರೂ ವಿಚಾರಿಸದೆ ಹೋದುದರಿಂದ, ಗುಣವಾಗಬಹುದಾಗಿದ್ದ ರೋಗವು ಗುಣವಾಗದೆ ಉಳಿಯಬಹುದು.

ಶರಣರು ದುಃಖವನ್ನು ಮರೆಮಾಡಲಿಲ್ಲ

ಭಕ್ತನಾದವನಿಗೆ ಮನಸ್ಸು ಕುಗ್ಗಲಾರದೆಂಬ ಭಾವನೆಯು ವಚನಗಳಿಂದ ಬಂದುದಲ್ಲ. ಬಸವಣ್ಣನವರ ಭಕ್ತಸ್ಥಲದ ವಚನಗಳನ್ನು ಓದಿದವರು ಇದನ್ನು ಚೆನ್ನಾಗಿ ಬಲ್ಲರು. ಅವುಗಳಲ್ಲಿ ಮನಸ್ಸಿನ ಚಂಚಲತೆಯ ಅಳಲಿದೆ, ದಾರಿಗಾಣದವನ ಕೂಗಿದೆ, ತನ್ನ ಕೊರತೆಗಳನ್ನು ಒಂದೊಂದಾಗಿ ಎಣಿಸಿ ಒಡೆಯನ ಮುಂದೆ ತೋಡಿಕೊಳ್ಳುವ ದೈನ್ಯವಿದೆ. ಅಕ್ಕಮಹಾದೇವಿಯವರ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಅಗಲಿದ ಬೇಗೆಯು ಕಣ್ಣೀರಾಗಿ ಹರಿದಿದೆ. ಇವರನ್ನು ಭಕ್ತಿಹೀನರೆಂದು ಕರೆಯುವ ಎದೆ ಯಾರಿಗಿದೆ? ಹನ್ನೆರಡನೆಯ ಶತಮಾನದ ಆ ಮಹನೀಯರು ದುಃಖವಿಲ್ಲದವರಂತೆ ನಟಿಸಿದ್ದರೆ ಇಂದು ನಮಗೆ ಅರ್ಧಕ್ಕಿಂತ ಹೆಚ್ಚು ವಚನಸಂಪತ್ತು ದೊರೆಯುತ್ತಲೇ ಇರಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದು, ಷಟ್‌ಸ್ಥಲಗಳಲ್ಲಿ ಮೊದಲನೆಯದಾದ ಭಕ್ತಸ್ಥಲದಲ್ಲಿಯೇ ಈ ಅಳಲು ಕಾಣುತ್ತದೆ. ಎಂದರೆ ದುಃಖವನ್ನು ಹೇಳಿಕೊಳ್ಳುವುದು ಸಾಧನಮಾರ್ಗದಿಂದ ಜಾರಿದುದರ ಗುರುತಲ್ಲ, ಆ ಮಾರ್ಗದಲ್ಲಿಯೇ ಒಂದು ಹೆಜ್ಜೆ. ಎರಡನೆಯದು, ಶರಣರು ಅದನ್ನು ಒಳಗೇ ಹುದುಗಿಸಿಡದೆ ಲಿಂಗದ ಮುಂದೆಯೂ ಶರಣಸಂಗದಲ್ಲಿಯೂ ನುಡಿದರು. ನುಡಿದುದರಿಂದಲೇ ಅದು ವಚನವಾಯಿತು. ಅನುಭಾವಗೋಷ್ಠಿಯೆಂದರೆ ಸಿದ್ಧಿ ಪಡೆದವರು ತಮ್ಮ ಸಿದ್ಧಿಯನ್ನು ಮೆರೆಸುವ ಸಭೆಯಲ್ಲ. ಒಬ್ಬನ ಹೊರೆಗೆ ಇನ್ನೊಬ್ಬನು ಹೆಗಲು ಕೊಡುವ ನೆಲೆ. ರೋಗಿಯು ವೈದ್ಯರೊಡನೆ, ಮಡದಿಯೊಡನೆ, ಗುರುವಿನೊಡನೆ ತನ್ನ ಮನಸ್ಸಿನ ಕತ್ತಲೆಯನ್ನು ಹೇಳಿಕೊಂಡರೆ ಶರಣರು ನಡೆದ ದಾರಿಯಲ್ಲಿಯೇ ನಡೆದಂತಾಯಿತು.

ಹಾಗೆಯೇ, “ಯಾವ ಜನ್ಮದ ಪಾಪವೋ” ಎಂಬ ಮಾತು ಲಿಂಗವಂತರ ಮನೆಯಲ್ಲಿ ಕೇಳಬರಬಾರದು. ದೀಕ್ಷೆಯಿಂದ ಪೂರ್ವಾಶ್ರಯವು ಕಳೆದು ಮಲತ್ರಯವು ನೀಗುತ್ತದೆಂದು ನಂಬುವವರು, ರೋಗ ಬಂದೊಡನೆ ಹಿಂದಿನ ಜನ್ಮದ ಲೆಕ್ಕವನ್ನು ತೆಗೆಯುವುದು ಗುರುಕಾರುಣ್ಯವನ್ನೇ ಸಂಶಯಿಸಿದಂತೆ. ಜೀವಕೋಶಗಳು ಅಂಕೆಮೀರಿ ಬೆಳೆಯುವುದೇ ಕ್ಯಾನ್ಸರು. ಅದು ಸಜ್ಜನರನ್ನೂ ಹಿಡಿಯುತ್ತದೆ, ದುರ್ಜನರನ್ನೂ ಹಿಡಿಯುತ್ತದೆ, ಹಸುಳೆಗಳನ್ನೂ ಬಿಡದು. ಚಟದಿಂದ ಬಂದ ರೋಗದಲ್ಲಿಯೂ ಚಟವನ್ನು ಬಿಡಿಸುವುದು ಕರ್ತವ್ಯವೇ ಹೊರತು ಮಲಗಿದವನನ್ನು ಹಳಿಯುವುದು ಕರ್ತವ್ಯವಲ್ಲ.

ದುಃಖ ಯಾವುದು, ಖಿನ್ನತೆ ಯಾವುದು

ಚಿಕಿತ್ಸೆಯ ಕಾಲದ ದುಃಖವೆಲ್ಲವೂ ರೋಗವಲ್ಲ. ರೋಗದ ಹೆಸರನ್ನು ಕೇಳಿದ ದಿನ, ತಲೆಗೂದಲು ಉದುರಿದ ದಿನ, ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಕಣ್ಣೀರು ಬರುವುದು ಮನುಷ್ಯಸಹಜ. ಇಂಥ ದುಃಖವು ಅಲೆಯಂತೆ ಬಂದು ಹೋಗುತ್ತದೆ. ಮೊಮ್ಮಗು ಮಡಿಲಿಗೆ ಬಂದರೆ ಮುಖವು ಒಂದು ಗಳಿಗೆಯಾದರೂ ಅರಳುತ್ತದೆ. ಖಿನ್ನತೆಯು ಹಾಗಲ್ಲ. ಮನಸ್ಸಿನ ಕುಗ್ಗುವಿಕೆಯಾಗಲಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದಾಗಲಿ ದಿನದ ಬಹುಭಾಗವೂ ಹೆಚ್ಚುಕಡಿಮೆ ಪ್ರತಿದಿನವೂ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ನಿಂತು, ಅದರೊಡನೆ ನಿದ್ರೆ, ಹಸಿವು, ಏಕಾಗ್ರತೆಗಳೂ ಕೆಟ್ಟರೆ ವೈದ್ಯರು ಅದನ್ನು ಖಿನ್ನತೆಯೆಂದು ಪರಿಗಣಿಸುತ್ತಾರೆ.

ಕ್ಯಾನ್ಸರ್ ರೋಗಿಯಲ್ಲಿ ಇದನ್ನು ಗುರುತಿಸುವುದು ಸುಲಭವಲ್ಲ. ಆಯಾಸ, ಅರುಚಿ, ನಿದ್ರಾಭಂಗಗಳು ರೋಗದಿಂದಲೂ ಔಷಧದಿಂದಲೂ ಬರುತ್ತವೆ. ಆದುದರಿಂದ ಮನಸ್ಸಿನ ಲಕ್ಷಣಗಳನ್ನೇ ವಿಶೇಷವಾಗಿ ನೋಡಬೇಕು: ‘ನಾನು ಯಾವ ಪ್ರಯೋಜನಕ್ಕೂ ಇಲ್ಲ’, ‘ಮನೆಯವರಿಗೆ ಭಾರವಾದೆ’, ‘ನನ್ನ ತಪ್ಪಿಗೆ ಇದು ಶಿಕ್ಷೆ’, ‘ಇನ್ನು ಯಾವುದೂ ಸರಿಹೋಗದು’, ‘ಸತ್ತರೆ ಸಾಕು’ ಎಂಬ ಮಾತುಗಳು ಮೇಲಿಂದ ಮೇಲೆ ಬಂದರೆ ಅದು ಎಚ್ಚರದ ಗಂಟೆ. 2011ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆಯ ಪ್ರಕಾರ, ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುವ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಖಿನ್ನತೆಯಿರುತ್ತದೆ. ಎಂದರೆ ಆರು ಮಂದಿಯಲ್ಲಿ ಒಬ್ಬರು. ಇಷ್ಟು ಜನರೆಲ್ಲರೂ ನಂಬಿಕೆಯಿಲ್ಲದವರೆಂದು ಹೇಳಲು ಸಾಧ್ಯವೇ?

ಇದಕ್ಕೆ ಅನೇಕ ವೇಳೆ ದೇಹದಲ್ಲಿಯೇ ಕಾರಣಗಳಿರುತ್ತವೆ. ಕೀಮೋಥೆರಪಿಯೊಡನೆ ಕೊಡುವ ಸ್ಟೀರಾಯ್ಡ್ ಔಷಧಗಳು ಮನಸ್ಸನ್ನು ಏರಿಳಿಸುತ್ತವೆ. ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ಮುಂದೆ ಥೈರಾಯ್ಡ್ ಗ್ರಂಥಿಯು ಮಂದವಾಗಿ ಜಡತೆ ಕವಿಯಬಹುದು. ರಕ್ತಹೀನತೆ, ಶಮನವಾಗದ ನೋವು, ನಿದ್ರೆಯಿಲ್ಲದ ರಾತ್ರಿಗಳು ಇವೂ ಮನಸ್ಸನ್ನು ಕುಗ್ಗಿಸುತ್ತವೆ. ಎಣ್ಣೆ ತೀರಿದ ದೀಪವು ಮಂಕಾದರೆ ದೀಪವನ್ನು ಬೈಯುವವರಿಲ್ಲ. ಮೊದಲು ಎಣ್ಣೆ ಹೊಯ್ಯುತ್ತಾರೆ.

ಚಿಕಿತ್ಸೆಯೂ ಉಂಟು. ಮನೋವೈದ್ಯರೊಡನೆ ಅಥವಾ ಆಪ್ತಸಮಾಲೋಚಕರೊಡನೆ ಕ್ರಮವಾಗಿ ಮಾತನಾಡುವುದು ಒಂದು. ಖಿನ್ನತೆಯನ್ನು ಕಳೆಯುವ ಗುಳಿಗೆಗಳು ಇನ್ನೊಂದು. ಗುಳಿಗೆಯ ಗುಣವು ಒಂದೆರಡು ದಿನಗಳಲ್ಲಿ ತೋರದು, ಕೆಲವು ವಾರಗಳು ಬೇಕು. ತಾನಾಗಿ ನಿಲ್ಲಿಸಲೂ ಬಾರದು. ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್‌ನಂಥ ಔಷಧದ ಶಕ್ತಿಯನ್ನು ಈ ಗುಳಿಗೆಗಳಲ್ಲಿ ಕೆಲವು ಕುಂದಿಸುವ ಸಂಭವವಿರುವುದರಿಂದ ಸೇವಿಸುವ ಔಷಧಗಳೆಲ್ಲವನ್ನೂ ಇಬ್ಬರು ವೈದ್ಯರಿಗೂ ತಿಳಿಸಬೇಕು. ನೋವನ್ನು ಹಲ್ಲುಕಚ್ಚಿ ಸಹಿಸುವುದು ತಪಸ್ಸಲ್ಲ; ಅದನ್ನು ಶಮನಗೊಳಿಸುವ ಔಷಧವನ್ನು ಕೇಳಿ ಪಡೆಯಬೇಕು. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನೆಂಬುದನ್ನು ನೆನೆಯಬೇಕು. ಮದ್ದು ಕೊಡುವುದೇ ಕಾಯಕವೆಂದು ಶರಣರು ಒಪ್ಪಿದ ಮೇಲೆ ಮದ್ದು ತೆಗೆದುಕೊಳ್ಳುವುದು ಭಕ್ತಿಗೆ ಕುಂದಾದೀತು ಹೇಗೆ?

ಚಿಕಿತ್ಸೆಯ ಕಾಲದಲ್ಲಿ ಆಚಾರ

ಆಚಾರನಿಷ್ಠರಾದ ಭಕ್ತರ ಮನಸ್ಸನ್ನು ಕುಗ್ಗಿಸುವ ಬೇರೆ ಕೆಲವು ಕಾರಣಗಳಿವೆ. ಆಸ್ಪತ್ರೆಯವರಿಗೆ ಇವು ತಿಳಿಯವು. ಮನೆಯವರು ಅನೇಕ ವೇಳೆ ಗಮನಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಇಷ್ಟಲಿಂಗದ ವಿಚಾರ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಎದೆಯ ಭಾಗಕ್ಕೆ ವಿಕಿರಣ ಕೊಡುವಾಗ, ಬಲವಾದ ಅಯಸ್ಕಾಂತವಿರುವ ಎಂ.ಆರ್.ಐ. ಪರೀಕ್ಷೆಯಲ್ಲಿ ಮೈಮೇಲಿನ ಲೋಹದ ವಸ್ತುಗಳನ್ನು ತೆಗೆಯಿಸುತ್ತಾರೆ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನೇಮವನ್ನು ಬಾಲ್ಯದಿಂದ ಪಾಲಿಸಿದ ವೃದ್ಧೆಗೆ, ಸರಕ್ಕನೆ ಬಂದ ಸೇವಕಿಯೊಬ್ಬಳು “ಕೊರಳಲ್ಲಿರುವುದನ್ನು ತೆಗೆಯಮ್ಮ” ಎಂದಾಗ ಆಗುವ ತಳಮಳವು ರೋಗದ ಭಯಕ್ಕಿಂತ ಕಡಿಮೆಯದಲ್ಲ. ಇದಕ್ಕೆ ಮುಂಚಿತವಾಗಿಯೇ ಸಿದ್ಧತೆ ಬೇಕು. ಬೆಳ್ಳಿಯ ಕರಡಿಗೆಯನ್ನು ಬಿಟ್ಟು ಲಿಂಗವನ್ನು ಶುಚಿಯಾದ ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದೇ ಎಂದು ಆಸ್ಪತ್ರೆಯವರನ್ನು ಮೊದಲೇ ಕೇಳತಕ್ಕದ್ದು. ಅದೂ ಸಲ್ಲದೆಂದರೆ ಲಿಂಗಧಾರಿಗಳಾದ ಮನೆಯವರೊಬ್ಬರು ಅದನ್ನು ಭಕ್ತಿಯಿಂದ ಪಡೆದು, ಪರೀಕ್ಷೆ ಮುಗಿಯುವವರೆಗೆ ಬಾಗಿಲ ಬಳಿ ಕಾದಿದ್ದು, ಹೊರಬಂದೊಡನೆ ಕೈಗಿತ್ತು ಧರಿಸಿಕೊಳ್ಳಲು ನೆರವಾಗಬೇಕು. ತಮ್ಮ ಮಠದ ಗುರುಗಳನ್ನು ಮೊದಲೇ ಕಂಡು ಅವರ ಅಪ್ಪಣೆಯನ್ನು ಪಡೆದರೆ ಮನಸ್ಸಿಗೆ ಇನ್ನಷ್ಟು ನೆಮ್ಮದಿ. ಲಿಂಗವು ಇಷ್ಟ, ಪ್ರಾಣ, ಭಾವವೆಂದು ಮೂರು ತೆರನಾಗಿ ಒಬ್ಬನಲ್ಲಿಯೇ ನೆಲಸಿದೆಯೆಂದು ಶಾಸ್ತ್ರವು ಹೇಳುವುದು ಇಂಥ ಗಳಿಗೆಗಾಗಿಯೇ. ಕರಸ್ಥಲದ ಲಿಂಗವು ಅರ್ಧ ತಾಸು ಮರೆಯಾದರೂ ಉಸಿರಿನೊಳಗಿನ ಲಿಂಗವನ್ನು ತೆಗೆಯಬಲ್ಲ ಯಂತ್ರವಿಲ್ಲ.

ವಿಕಿರಣಕ್ಕೆಂದು ಚರ್ಮದ ಮೇಲೆ ಗುರುತುಗಳನ್ನು ಬರೆದಿದ್ದರೆ ಅವು ಅಳಿಯಬಾರದು. ಆ ಭಾಗದಲ್ಲಿ ವಿಭೂತಿಯನ್ನಾಗಲಿ ಬೇರೆ ಯಾವ ಪುಡಿ ಲೇಪಗಳನ್ನಾಗಲಿ ವೈದ್ಯರನ್ನು ಕೇಳದೆ ಹಚ್ಚಬಾರದು. ಹಣೆಯ ಮೇಲೆ ಧರಿಸಿದ ವಿಭೂತಿಯೇ ಸಾಕು. ಕೀಮೋಥೆರಪಿಯಲ್ಲಿ ಬಿಳಿಯ ರಕ್ತಕಣಗಳು ಇಳಿದು ಸೋಂಕು ಬೇಗ ತಗಲುವುದರಿಂದ ಪಾದೋದಕಕ್ಕೆ ಕುದಿಸಿ ಆರಿಸಿದ ನೀರನ್ನೇ ಬಳಸುವುದು ಲೇಸು. ಶಿವರಾತ್ರಿ, ಸೋಮವಾರಗಳ ಉಪವಾಸವನ್ನು ವೈದ್ಯರ ಒಪ್ಪಿಗೆಯಿಲ್ಲದೆ ಹಿಡಿಯಬಾರದು. ದೀರ್ಘಕಾಲ ಕುಳಿತು ಪೂಜಿಸಲಾಗದಿದ್ದರೆ ಮಲಗಿದಲ್ಲಿಯೇ ಲಿಂಗವನ್ನು ಅಂಗೈಯಲ್ಲಿಟ್ಟು ನಾಲ್ಕು ಉಸಿರಿನಷ್ಟು ಹೊತ್ತು ನೋಡಿದರೂ ಅದು ಪೂಜೆಯೇ. ಅಂದು ಆ ದೃಷ್ಟಿಯೂ ನಿಲ್ಲಲಿಲ್ಲವೆಂದು ಲೆಕ್ಕವಿಡುವವನು ಶಿವನಲ್ಲ.

ಪ್ರಸಾದದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ರುಚಿ ಹೋದ ನಾಲಗೆಗೆ ಗಂಜಿಯೂ ಬೂದಿಯಂತೆ ತೋರುತ್ತದೆ. ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಪಡೆಯುವುದು ಪ್ರಸಾದಿಯ ಲಕ್ಷಣ. ಸಿಹಿಯನ್ನು ಮಾತ್ರ ಅರ್ಪಿಸಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ರುಚಿಯಿಲ್ಲದ ಎರಡು ಗುಟುಕನ್ನು ರುಚಿಯಿಲ್ಲದೆಯೇ ಅರ್ಪಿಸಿ ಸ್ವೀಕರಿಸಬಹುದು. ಬಹುಮಂದಿಯಲ್ಲಿ ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ರುಚಿಯು ಮೆಲ್ಲಮೆಲ್ಲನೆ ಮರಳುತ್ತದೆ. ಆದರೆ “ರೋಗವನ್ನೂ ಪ್ರಸಾದವೆಂದು ತಿಳಿ” ಎಂದು ಎದುರಿಗೆ ನಿಂತು ಉಪದೇಶಿಸುವ ಅಧಿಕಾರ ಆರೋಗ್ಯವಂತನಿಗಿಲ್ಲ. ಆ ಭಾವವು ರೋಗಿಯ ಒಳಗೆ ತಾನಾಗಿ ಅರಳಿದರೆ ಅನುಗ್ರಹ. ಹೊರಗಿನಿಂದ ಹೇರಿದರೆ ಮತ್ತೊಂದು ಭಾರ.

ಇಂದಿನ ಅಕ್ಕಿ

‘ಕಾಯಕವಿಲ್ಲದವನಾದೆ’ ಎಂಬ ಕೊರಗು ದುಡಿದು ಬಾಳಿದ ಗೃಹಸ್ಥರನ್ನು ಬಹಳವಾಗಿ ಕಾಡುತ್ತದೆ. ಹೊಲವು ಬೀಳುಬಿದ್ದಿದೆ, ಅಂಗಡಿಯನ್ನು ಮಗನು ನೋಡಿಕೊಳ್ಳುತ್ತಿದ್ದಾನೆ, ತಾನು ಮಾತ್ರ ಕೈಕಟ್ಟಿ ಮಲಗಿದ್ದೇನೆ ಎಂದು ಅವರು ನೊಂದುಕೊಳ್ಳುತ್ತಾರೆ. ಇಂಥವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಹೊಸದಾಗಿ ನೆನೆಯಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಅಂದಿಗೆ ಬೇಕಾದುದನ್ನುಳಿದು ಮಿಕ್ಕುದನ್ನು ಹಿಂದಕ್ಕೆ ಚೆಲ್ಲಿಬರಲು ಹೇಳಿದಳು. ಆಸೆಯನ್ನು ಕುರಿತ ಈ ಪಾಠವು ಚಿಂತೆಗೂ ಅನ್ವಯಿಸುತ್ತದೆ. ಆರು ತಿಂಗಳ ಅನಂತರದ ಪರೀಕ್ಷೆಯಲ್ಲಿ ಏನು ಬರುವುದೋ, ಮಗಳ ಮದುವೆಯವರೆಗೆ ಇರುವೆನೋ ಇಲ್ಲವೋ ಎಂದು ನಾಳಿನ ಅಕ್ಕಿಯನ್ನೆಲ್ಲ ಇಂದೇ ಹೊರುವವನ ಬೆನ್ನು ಬಾಗದಿರದು. ಇಂದಿನ ಅಕ್ಕಿ ಇಷ್ಟೇ: ಇಂದಿನ ಔಷಧ, ಇಂದಿನ ನಾಲ್ಕು ಗುಟುಕು ಗಂಜಿ, ಮೈಗೆ ತ್ರಾಣವಿದ್ದರೆ ಅಂಗಳದಲ್ಲಿ ಹತ್ತು ಹೆಜ್ಜೆ. ಮೆಲ್ಲನೆಯ ನಡಿಗೆಯು ಚಿಕಿತ್ಸೆಯ ಆಯಾಸವನ್ನು ತಗ್ಗಿಸುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಲಿಂಗದ ನೆಲೆಯಾದ ದೇಹವನ್ನು ಕಾಪಾಡಿಕೊಳ್ಳುವ ಈ ಸಣ್ಣ ಕೆಲಸಗಳೇ ಅವನ ಅಂದಿನ ಕಾಯಕ. ಅದನ್ನು ಮುಗಿಸಿದವನು ಸೋಮಾರಿಯಲ್ಲ.

ಮನೆಯವರ ದಾಸೋಹ

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ, ಕಿವಿಗೊಡುವುದೂ ದಾಸೋಹವೇ. ರೋಗಿಯ ಬಳಿ ಕುಳಿತವರು ಧೈರ್ಯದ ಮಾತನ್ನು ಆಡುವ ಮೊದಲು, “ಮನಸ್ಸಿಗೆ ಹೇಗಿದೆ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಬೇಕು. ಅತ್ತರೆ ಅಳಗೊಡಬೇಕು. ದುಃಖಪಟ್ಟರೆ ಗೆಡ್ಡೆ ಬೆಳೆಯುತ್ತದೆಂದು ಹೆದರಿಸುವವರಿದ್ದಾರೆ. ಆ ಮಾತಿಗೆ ದೃಢವಾದ ಆಧಾರವಿಲ್ಲ. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗಾಗಿ 1977ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವನ್ನು ಕಟ್ಟಿದ ಡಾ. ಜಿಮ್ಮಿ ಹಾಲೆಂಡ್ ಅವರು, ಸದಾ ಉತ್ಸಾಹದಿಂದಿರಬೇಕೆಂದು ರೋಗಿಯನ್ನು ಒತ್ತಾಯಿಸುವುದೂ ಒಂದು ದಬ್ಬಾಳಿಕೆಯೆಂದು ಎಚ್ಚರಿಸಿದ್ದರು. ಶರಣರ ನಡೆಯನ್ನು ಬಲ್ಲವರಿಗೆ ಇದು ಹೊಸ ಮಾತೇನಲ್ಲ.

ರೋಗಿಯಿಂದ ರೋಗದ ಹೆಸರನ್ನು ಬಚ್ಚಿಡುವ ಪದ್ಧತಿಯೂ ವಿಚಾರಾರ್ಹವಾದುದು. ಮನೆಯವರೆಲ್ಲರೂ ಪಿಸುಮಾತಿನಲ್ಲಿ ತೊಡಗಿರುವಾಗ ರೋಗಿಗೆ ತಿಳಿಯದೆ ಇರುವುದಿಲ್ಲ. ತಿಳಿದುದನ್ನು ಯಾರೊಡನೆಯೂ ಹೇಳಿಕೊಳ್ಳಲಾಗದೆ ಅವನು ಒಂಟಿಯಾಗುತ್ತಾನೆ. ಅವನು ಎಷ್ಟು ತಿಳಿಯಬಯಸುತ್ತಾನೋ ಅಷ್ಟನ್ನು ಮೃದುವಾಗಿ, ಸತ್ಯವಾಗಿ ತಿಳಿಸುವುದು ಲೇಸು. ಚಿಕಿತ್ಸೆ ಮುಗಿದು ನೆಂಟರೆಲ್ಲರೂ ಹಿಂದಿರುಗಿದ ಅನಂತರವೂ ಅನೇಕರಲ್ಲಿ ಖಿನ್ನತೆ ತಲೆಯೆತ್ತುತ್ತದೆ, ಆಗಲೂ ಕಣ್ಣಿಟ್ಟಿರಬೇಕು. ಹಗಲಿರುಳು ಆರೈಕೆ ಮಾಡುವ ಮಡದಿಯೋ ಸೊಸೆಯೋ ತಾನೂ ಬಸವಳಿದಿರುತ್ತಾಳೆ. ಅವಳ ಸರದಿಯನ್ನು ಬೇರೆಯವರು ಹಂಚಿಕೊಳ್ಳಬೇಕು.

ಸಾವಿನ ಮಾತು ಬಂದಾಗ ಅದನ್ನು ತಳ್ಳಿಹಾಕಕೂಡದು. “ಜೀವ ಕಳೆದುಕೊಳ್ಳಬೇಕೆನಿಸುತ್ತಿದೆಯೇ?” ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆಯು ಹೊಸದಾಗಿ ಹುಟ್ಟುವುದಿಲ್ಲ, ಬದಲಾಗಿ ಎದೆ ಹಗುರವಾಗುತ್ತದೆ. ಅಂಥವರನ್ನು ಒಂಟಿಯಾಗಿ ಬಿಡದೆ, ಗುಳಿಗೆಗಳನ್ನೂ ಕೀಟನಾಶಕಗಳನ್ನೂ ಕೈಗೆಟುಕದಂತಿರಿಸಿ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೋಗುವವರು ತಮಗೆ ಚಿಕಿತ್ಸೆ ನೀಡುವ ವೈದ್ಯರೊಡನೆಯೇ ಮನಸ್ಸಿನ ಸ್ಥಿತಿಯನ್ನೂ ಹೇಳಿ ಮುಂದಿನ ದಾರಿಯನ್ನು ಕೇಳಬಹುದು. ದೂರದ ಹಳ್ಳಿಯವರಿಗಾಗಿ ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ಇರುಳಾಗಲಿ ಕರೆಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇದರಿಂದ ಸ್ಪಷ್ಟವಾಗುತ್ತದೆ. ರೋಗದಲ್ಲಿ ಕುಗ್ಗಿದ ಮನಸ್ಸು ಭಕ್ತಿಯು ಹುಸಿಯಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲ. ದೇಹದಂತೆ ಮನಸ್ಸಿಗೂ ಬೇನೆ ಬರುತ್ತದೆಂಬುದಕ್ಕೆ ಸಾಕ್ಷಿ. ದೇಹದ ಬೇನೆಗೆ ವೈದ್ಯನನ್ನು ಕರೆಯುವ ಭಕ್ತನು ಮನಸ್ಸಿನ ಬೇನೆಗೂ ನಾಚದೆ ವೈದ್ಯನನ್ನು ಕರೆಯಲಿ. ಮನೆಯವರು ಉಪದೇಶವನ್ನು ಕಡಿಮೆಮಾಡಿ ಹತ್ತಿರ ಕುಳಿತುಕೊಳ್ಳಲಿ. ಗುಡಿಯ ಗೋಡೆ ಬಿರುಕುಬಿಟ್ಟಾಗ ಒಳಗಿನ ದೇವರು ಎದ್ದುಹೋಗುವುದಿಲ್ಲ. ಗೋಡೆಯನ್ನು ಸರಿಪಡಿಸುವ ಕೈಗಳಿಗಾಗಿ ಕಾದಿರುತ್ತಾನೆ. ಆ ಕೈಗಳು ವೈದ್ಯನವು, ಮನೆಯವರವು, ನೆರೆಯ ಶರಣರವು.